ಕಂಬಳಿ ಹುಳು ಮೈಗೆ ತಾಗಿದ್ರೆ ಮೊದಲು ಏನ್ ಮಾಡ್ಬೇಕು, ಗೂಡು ತೆಗೆಯೋದು ಹೇಗೆ

ಈಗ ತಾನೇ ಕಂಬಳಿ ಹುಳು ಮೈಗೆ ತಾಗಿ, ತುರಿಕೆ ತಡ್ಕೊಳೋಕಾಗ್ದೆ ಇದನ್ನ ಓದ್ತಿದ್ರೆ ಉಳಿದಿದ್ದೆಲ್ಲ ಆಮೇಲೆ ಓದಿ, ಮೊದಲು ಕೈ ಅಲ್ಲಿಂದ ತೆಗೀರಿ. ಉಜ್ಜಬೇಡಿ, ಕೆರ್ಕೋಬೇಡಿ, ಬಟ್ಟೆಯಿಂದ ಒರೆಸೋದೂ ಬೇಡ. ಹುಳ ಇನ್ನೂ ಮೈಮೇಲೇ ಇದ್ರೆ ಬೆರಳಿಂದ ಹೊಡೆದು ಹಾರಿಸ್ಬೇಡಿ, ಒಂದು ಕಡ್ಡಿನೋ ದಪ್ಪ ಕಾಗದನೋ ಅದರ ಹೊಟ್ಟೆ ಕೆಳಗೆ ಮೆಲ್ಲಗೆ ತೂರಿಸಿ ಮೇಲಕ್ಕೆ ಎತ್ತಿ, ಚಿಮಟ ಕೈಗೆ ಸಿಕ್ಕಿದ್ರೆ ಇನ್ನೂ ಒಳ್ಳೇದು. ಗಾಬರಿಲಿ ಮೈಮೇಲೇ ಹೊಸಕಿ ಹಾಕೋದಂತೂ ಬೇಡವೇ ಬೇಡ, ಹಾಗೆ ಮಾಡಿದ್ರೆ ಅದರ ಮೈಲಿರೋ ಅಷ್ಟೂ ರೋಮ ನಿಮ್ಮ ಚರ್ಮಕ್ಕೆ ಒತ್ತಿ ಕೂತ್ಕೊಳುತ್ತೆ.

ಹುಳ ಹೋದ ಮೇಲೆ ಟೇಪು. ಸೆಲ್ಲೋಟೇಪ್ ಆಗುತ್ತೆ, ಪಾರ್ಸೆಲ್ ಕಟ್ಟೋ ಅಗಲದ ಟೇಪ್ ಇದ್ರೆ ಇನ್ನೂ ಚೆನ್ನಾಗಿ ಎಳೆಯುತ್ತೆ. ಕೆಂಪಾದ ಜಾಗದ ಮೇಲೆ ಟೇಪನ್ನ ಹಗುರಕ್ಕೆ ಇಟ್ಟು, ಒತ್ತಿ ತಿಕ್ಕದೆ, ನೇರ ಮೇಲಕ್ಕೆ ಎತ್ತಿ, ಆ ತುಂಡನ್ನ ಎಸೆದು ಹೊಸ ತುಂಡು ತಗೊಳಿ, ಒಂದೇ ತುಂಡನ್ನ ಮತ್ತೆ ಮತ್ತೆ ಅಂಟಿಸಿದ್ರೆ ಕಿತ್ತು ಬಂದ ರೋಮ ವಾಪಸ್ ಅಲ್ಲೇ ಹೋಗಿ ಸೇರ್ಕೊಳುತ್ತೆ. ಐದಾರು ಸಲ ಮಾಡಿ, ಅಕ್ಕಪಕ್ಕ ಕೆಂಪಾಗದೆ ಇರೋ ಚರ್ಮದ ಮೇಲೂ ಮಾಡಿ. ನಾನು ಒಂದ್ಸಲ ಆ ಟೇಪನ್ನ ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ, ಬರಿಗಣ್ಣಿಗೆ ಚರ್ಮದ ಮೇಲೆ ಏನೂ ಕಾಣ್ತಿರಲಿಲ್ಲ, ಟೇಪಿನ ಮೇಲೆ ಮಾತ್ರ ಗಾಜಿನ ಪುಡಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಹೊಳಪು, ಮೂರನೇ ತುಂಡಿನಲ್ಲೂ ಇತ್ತು, ನಾಲ್ಕನೇದರಲ್ಲೂ ಇತ್ತು. ಅವತ್ತಿಂದ ನಾನು ಎರಡು ಸಲಕ್ಕೆ ನಿಲ್ಲಿಸೋದಿಲ್ಲ.

ಟೇಪ್ ಆದ್ಮೇಲೆ ತಣ್ಣೀರು, ಸೋಪು. ಹರಿಯೋ ನೀರಿನ ಕೆಳಗೆ ಕೈ ಹಿಡಿದು ಸೋಪಿನ ನೊರೆ ಸುರಿದು ಹಾಗೇ ಹೋಗೋಕೆ ಬಿಡಿ, ಬ್ರಷ್ಷು ನಾರು ಹಾಕಿ ತಿಕ್ಕಬೇಡಿ. ಟವೆಲ್ಲಲ್ಲಿ ಒರೆಸೋದೂ ಬೇಡ, ಗಾಳಿಗೆ ಆರಲಿ, ಇಲ್ಲಾಂದ್ರೆ ಟವೆಲ್ಲಿಗೆ ಹತ್ತಿದ ರೋಮ ನಾಳೆ ಮುಖ ಒರೆಸುವಾಗ ಮುಖಕ್ಕೆ ಬರುತ್ತೆ. ಕ್ರಮ ಉಲ್ಟಾ ಮಾಡ್ಬೇಡಿ, ಒದ್ದೆ ಚರ್ಮಕ್ಕೆ ಟೇಪ್ ಹಿಡಿಯೋದಿಲ್ಲ. ಹಾಕ್ಕೊಂಡಿದ್ದ ಬಟ್ಟೆನೂ ಆಗಲೇ ಬಿಚ್ಚಿ, ತಲೆ ಮೇಲಿಂದ ಎಳೆಯೋ ಟೀ ಶರ್ಟ್ ಆದ್ರೆ ಒಳಭಾಗ ಹೊರಗೆ ಬರದ ಹಾಗೆ, ಹೊರಭಾಗ ಮುಖಕ್ಕೆ ತಾಗದ ಹಾಗೆ ಹುಷಾರಾಗಿ. ಆ ಬಟ್ಟೆನ ಬೇರೆ ಬಟ್ಟೆ ಜೊತೆ ಬುಟ್ಟಿಗೆ ಹಾಕ್ಬೇಡಿ, ಪ್ರತ್ಯೇಕವಾಗಿ ಬಿಸಿ ನೀರಲ್ಲಿ ಒಗೀರಿ.

ಯಾಕೆ ಇಷ್ಟೆಲ್ಲ ಅಂದ್ರೆ, ಈ ಹುಳ ಕಚ್ಚೋದಿಲ್ಲ, ಚುಚ್ಚೋಕೆ ಅದಕ್ಕೆ ಕೊಂಡಿನೂ ಇಲ್ಲ. ತೊಂದರೆ ಕೊಡೋದು ಬರೀ ರೋಮ. ಕಣ್ಣಿಗೆ ಕಾಣೋ ಉದ್ದ ಕೂದಲಿಗಿಂತ ನಮಗೆ ಕಾಣದೇ ಇರೋ ಗಿಡ್ಡ ರೋಮಗಳೇ ಹೆಚ್ಚು ಕಾಟ ಕೊಡ್ತವೆ, ಕೆಲವು ಜಾತಿಗಳಲ್ಲಿ ಒಂದೊಂದು ಸುಮಾರು 0.1 ಮಿಲಿಮೀಟರ್ ಅಷ್ಟೇ ಉದ್ದ, ತುದಿ ಚೂಪು, ಮೈತುಂಬಾ ಹಿಮ್ಮುಖ ಮುಳ್ಳು, ಒಳಗೆ ಟೊಳ್ಳು, ಆ ಟೊಳ್ಳಲ್ಲಿ ಚರ್ಮವನ್ನ ಕೆರಳಿಸೋ ಪ್ರೋಟೀನು. ಹಿಮ್ಮುಖ ಮುಳ್ಳು ಇರೋದ್ರಿಂದ ಒಳಗೆ ಹೋಗೋದು ಸುಲಭ, ಹೊರಗೆ ಬರೋದು ಕಷ್ಟ, ನೀವು ಉಜ್ಜಿದಷ್ಟೂ ಅದು ಒಳಕ್ಕೇ ನಡೆಯುತ್ತೆ, ಮುರಿದಷ್ಟೂ ಒಳಗಿನ ವಿಷ ಹೊರಗೆ ಬರುತ್ತೆ. ಇಷ್ಟು ಅರ್ಥ ಆದ್ರೆ ಉಳಿದ ಎಲ್ಲಾ ಕೆಲಸನೂ ತಾನಾಗೇ ಅರ್ಥ ಆಗುತ್ತೆ, ಸತ್ತ ಹುಳನೂ ತುರಿಸುತ್ತೆ, ಅದು ಕಳಚಿಟ್ಟ ಪೊರೆನೂ ತುರಿಸುತ್ತೆ, ಖಾಲಿ ಗೂಡೂ ತುರಿಸುತ್ತೆ, ಯಾಕಂದ್ರೆ ರೋಮಕ್ಕೆ ಹುಳ ಬದುಕಿರಬೇಕು ಅಂತೇನಿಲ್ಲ.

ತುರಿಕೆಗೆ ಬರೋಣ. ಕೆಲವರಿಗೆ ನಿಮಿಷದೊಳಗೆ ಉರಿ ಶುರುವಾಗುತ್ತೆ, ಕೆಲವರಿಗೆ ಗಂಟೆಗಳಾದ ಮೇಲೆ, ಎಲ್ಲಿ ತಾಗಿತು ಅಂತ ನೆನಪೇ ಇಲ್ಲದಾಗ ಕುತ್ತಿಗೆ, ಮೊಣಕೈ ಒಳಭಾಗ, ಸೊಂಟದ ಪಟ್ಟಿ ಹತ್ರ ಗಂದೆ ಏಳುತ್ತೆ. ಐಸನ್ನ ಬಟ್ಟೆಲಿ ಸುತ್ತಿ ಹತ್ತು ನಿಮಿಷ ಇಡಿ, ಅದು ಕೊಡೋ ಆರಾಮ ದೊಡ್ಡದು. ಕ್ಯಾಲಮೈನ್ ಲೋಷನ್ ಹಚ್ಚಬಹುದು, 1% ಹೈಡ್ರೋಕಾರ್ಟಿಸೋನ್ ಕ್ರೀಮನ್ನ ತೆಳ್ಳಗೆ ಹಚ್ಚಬಹುದು, ಆದ್ರೆ ಟೇಪು ನೀರು ಎರಡೂ ಆದ್ಮೇಲೆ ಮಾತ್ರ, ಮೊದಲೇ ಕ್ರೀಮ್ ಬಳಿದ್ರೆ ರೋಮ ಅಲ್ಲೇ ಉಳಿಯುತ್ತೆ, ಹಚ್ಚುವಾಗ ತಿಕ್ಕಿದ್ದಕ್ಕೆ ಇನ್ನಷ್ಟು ಒಳಗೂ ಹೋಗುತ್ತೆ. ರಾತ್ರಿ ನಿದ್ದೆ ಬರದಷ್ಟು ತುರಿಕೆ ಇದ್ರೆ ಸೆಟ್ರಿಜಿನ್ ತರದ ಅಲರ್ಜಿ ಮಾತ್ರೆ ಸಹಾಯ ಮಾಡುತ್ತೆ, ಮಕ್ಕಳಿಗೆ, ಗರ್ಭಿಣಿಯರಿಗೆ, ಬೇರೆ ಮಾತ್ರೆ ತಗೊಳೋರಿಗೆ ಡಾಕ್ಟರನ್ನ ಕೇಳದೆ ಕೊಡ್ಬೇಡಿ. ಸಾಮಾನ್ಯವಾಗಿ ಕೆಲವು ಗಂಟೆಯಿಂದ ಕೆಲವು ದಿನದೊಳಗೆ ಇಳಿಯುತ್ತೆ, ಕೆಲವರಿಗೆ ವಾರಗಟ್ಟಲೆ ಹಿಡಿಯೋದೂ ಉಂಟು. ಕೆರೆದು ಗಾಯ ಮಾಡ್ಕೊಂಡ್ರೆ ಮಾತ್ರ ಅದು ಬೇರೇನೇ ಕಥೆ, ಕೀವಾಗುತ್ತೆ, ಹಾಗಾಗಿ ಮಕ್ಕಳ ಉಗುರು ಅವತ್ತೇ ಕತ್ತರಿಸಿಬಿಡಿ.

ಈಗ ಮನೆಮದ್ದು ಸಾಕು ಅಂತ ಕೂರಬಾರದ ವಿಷಯ. ಕಣ್ಣಿಗೆ ರೋಮ ಹೋದ್ರೆ ಉಜ್ಜಲೇಬಾರದು, ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ಕೈ ತೊಳೆದು ತೆಗೆದು, ಶುದ್ಧ ನೀರನ್ನ ಕಣ್ಣಿನ ಮೇಲೆ ಹತ್ತು ಹದಿನೈದು ನಿಮಿಷ ಹರಿಸಿ, ಸೀದಾ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ನೋವು ಕಡಿಮೆ ಆಯ್ತು ಅಂತ ಸುಮ್ಮನಾಗ್ಬೇಡಿ, ಇದನ್ನ ನಾನು ಜೋರಾಗಿ ಹೇಳ್ತೀನಿ, ಯಾಕಂದ್ರೆ ಈ ರೋಮ ಕಣ್ಣಿನ ಪದರಗಳೊಳಗೆ ನಿಧಾನಕ್ಕೆ ಸರಿದು ಹೋಗಬಲ್ಲದು, ಅದರಿಂದ ಆಗೋ ಉರಿಯೂತಕ್ಕೆ ಡಾಕ್ಟರುಗಳು ಆಫ್ತಾಲ್ಮಿಯಾ ನೊಡೋಸಾ ಅಂತಾರೆ, ಮೊದಲೇ ಹೋದ್ರೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಎಳೆದು ತೆಗೀತಾರೆ. ತೆವಳೋ ಮಗು ಹುಳನ ಬಾಯಿಗೆ ಹಾಕ್ಕೊಂಡಿದ್ರೆ, ಜೊಲ್ಲು ಸುರಿಸ್ತಾ ನುಂಗೋಕೆ ಒದ್ದಾಡ್ತಿದ್ರೆ, ಬೆರಳು ಹಾಕಿ ಗಂಟಲು ಕೆದಕಬೇಡಿ, ವಾಂತಿ ಮಾಡಿಸಬೇಡಿ, ಬಾಯಲ್ಲಿ ಕಾಣೋದನ್ನಷ್ಟೇ ತೆಗೆದು ಆಸ್ಪತ್ರೆಗೆ ಹೊರಡಿ. ಉಸಿರಾಟ ಕಷ್ಟ ಆಗೋದು, ಎದೆಲಿ ಸಿಳ್ಳೆ ತರ ಸದ್ದು, ತುಟಿ ನಾಲಿಗೆ ಊತ, ತಲೆ ಸುತ್ತು, ಇವುಗಳಲ್ಲಿ ಒಂದು ಕಂಡ್ರೂ ತಡ ಮಾಡ್ದೆ ತುರ್ತು ಚಿಕಿತ್ಸೆಗೆ. ಆಸ್ತಮಾ ಇರೋರು ಈ ಗೂಡು ಗುಡಿಸೋ ಕೆಲಸಕ್ಕೆ ಕೈ ಹಾಕದಿರೋದೇ ಒಳ್ಳೇದು.

ಸರಿ, ಹುಳ ಯಾವುದು ಅಂತ ಗುರುತು ಹಿಡಿಯೋದು ಹೇಗೆ. ಮೈತುಂಬಾ ಕೂದಲಿರೋದಕ್ಕೆಲ್ಲ ನಾವು ಕಂಬಳಿ ಹುಳು ಅಂತೀವಿ, ಅದರೊಳಗೆ ಟಸಕ್ ಪತಂಗದ ಮರಿಗಳು ಒಂದು ದೊಡ್ಡ ಗುಂಪು, ಪ್ರಪಂಚದಾದ್ಯಂತ ಸುಮಾರು 2,500 ಜಾತಿ. ಮೊದಲು ಇವನ್ನ ಲೈಮಾಂಟ್ರಿಡೇ ಅಂತ ಪ್ರತ್ಯೇಕ ಕುಟುಂಬ ಮಾಡಿಟ್ಟಿದ್ರು, ಈಗ ಎರೆಬಿಡೇ ಅನ್ನೋ ದೊಡ್ಡ ಕುಟುಂಬದೊಳಗಿನ ಒಂದು ಉಪಕುಟುಂಬ. ಟಸಕ್ ಅಂದ್ರೆ ಕುಚ್ಚು. ಇವುಗಳಲ್ಲಿ ಬಹಳಷ್ಟಕ್ಕೆ ಬೆನ್ನ ಮೇಲೆ ಹಲ್ಲುಜ್ಜೋ ಬ್ರಷ್ಷಿನ ತರ ಒತ್ತೊತ್ತಾಗಿ ಸಮನಾಗಿ ಕತ್ತರಿಸಿಟ್ಟ ಹಾಗೆ ನಾಲ್ಕು ಕುಚ್ಚು ಸಾಲಾಗಿ ನಿಂತಿರುತ್ತೆ, ಬಿಳಿ ಅಥವಾ ಹಳದಿ, ತಲೆ ಎರಡೂ ಬದಿಲಿ ಮುಂದಕ್ಕೆ ಚಾಚಿದ ಎರಡು ಉದ್ದ ಕಪ್ಪು ಕೂದಲ ಗೊಂಚಲು, ಬಾಲದ ಕಡೆ ಇನ್ನೊಂದು. ಉತ್ತರ ಅಮೆರಿಕದ ವೈಟ್ ಮಾರ್ಕ್ಡ್ ಟಸಕ್ ಪತಂಗದ ಮರಿಗೆ ತಲೆನೂ ಅಚ್ಚ ಕೆಂಪು, ನೋಡೋಕೆ ಎಷ್ಟು ಚಂದ ಅಂದ್ರೆ ಮಕ್ಕಳು ಕೈ ಚಾಚೋದು ಸಹಜ.

ಕುಚ್ಚು ಇಲ್ಲದೇ ಇರೋ ಜಾತಿಗಳೂ ಇವೆ, ಆಗ ಬಾಲದ ಕಡೆ ಬೆನ್ನ ಮಧ್ಯ ನೋಡಿ, ಒಂದರ ಹಿಂದೆ ಒಂದು ಎರಡು ಸಣ್ಣ ಕೆಂಪು ಅಥವಾ ಕಿತ್ತಳೆ ಚುಕ್ಕೆ ಇದ್ರೆ ಅದು ಈ ಗುಂಪಿನದ್ದೇ ಅನ್ನೋಕೆ ಒಳ್ಳೆ ಗುರುತು. ಅವು ಬರೀ ಬಣ್ಣ ಅಲ್ಲ, ಹೊಟ್ಟೆಯ ಆರನೇ ಏಳನೇ ಖಂಡದ ಮೇಲಿರೋ ಗ್ರಂಥಿಗಳು. ಫೋನಲ್ಲಿ ದೂರದಿಂದ ಜೂಮ್ ಮಾಡಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ್ರೆ ಸಾಕು, ಹತ್ರ ಬಗ್ಗಿ ಉಸಿರು ಬಿಡೋದು ಬೇಡ. ಇನ್ನು ಯಾವ ಜಾತಿ ಅಂತ ಗೊತ್ತಾಗ್ದೇ ಇದ್ರೂ ಪರವಾಗಿಲ್ಲ, ಕೂದಲಿರೋ ಹುಳನ ಬರಿಗೈಲಿ ಮುಟ್ಟಲ್ಲ ಅಂತ ಇಟ್ಕೊಂಡ್ರೆ ಜಾತಿ ಗೊತ್ತಿಲ್ಲದ್ದಕ್ಕೆ ನಷ್ಟ ಏನೂ ಆಗೋದಿಲ್ಲ.

ದೊಡ್ಡದಾದ ಪತಂಗಕ್ಕೆ ಬಾಯಿ ಕುಗ್ಗಿ ಹೋಗಿರುತ್ತೆ, ಅದು ಏನೂ ತಿನ್ನಲ್ಲ, ಮರಿಯಾಗಿದ್ದಾಗ ತಿಂದಿದ್ದರಲ್ಲೇ ಕೆಲವು ದಿನ ಬದುಕಿ ಮೊಟ್ಟೆ ಇಟ್ಟು ಮುಗಿಸುತ್ತೆ. ಆರ್ಜಿಯಾ ಅನ್ನೋ ಕುಲದಲ್ಲಿ ಹೆಣ್ಣಿಗೆ ಹಾರೋಕೆ ರೆಕ್ಕೆನೇ ಇರೋದಿಲ್ಲ, ಇರೋದು ಬರೀ ಮೊಳಕೆಯಷ್ಟು, ಕೂದಲಿರೋ ದಪ್ಪ ಮೂಟೆ ತರ ಗೂಡಿಂದ ಹೊರಬಂದು ಆ ಗೂಡಿನ ಮೇಲೇ ಕೂತು ಗಂಡಿಗೆ ಕಾಯುತ್ತೆ, ಅದೇ ಗೂಡಿನ ಮೇಲೇ ನೂರಾರು ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ. ಇದು ನಮಗೆ ಯಾಕೆ ಮುಖ್ಯ ಅಂದ್ರೆ, ಈ ವರ್ಷ ಗೋಡೆ ಮೇಲೆ ನೀವು ಬಿಟ್ಟ ಒಂದು ಗೂಡು ಮುಂದಿನ ಸಲದ ನೂರಾರು ಹುಳದ ತೊಟ್ಟಿಲು. ಹಾಗಾದ್ರೆ ಹಾರದೆ ಇವು ಹರಡೋದು ಹೇಗೆ ಅಂದ್ರೆ, ಮೊಟ್ಟೆಯಿಂದ ಬಂದ ಪುಟ್ಟ ಮರಿಗಳು ರೇಷ್ಮೆ ಎಳೆ ಬಿಟ್ಟು ತೂಗಾಡ್ತಾ ಗಾಳಿಲಿ ತೇಲಿ ಹೋಗ್ತವೆ, ಮೈಲಿರೋ ಉದ್ದ ಕೂದಲು ಅವನ್ನ ತೇಲಿಸೋಕೆ ಸಹಾಯ ಮಾಡುತ್ತೆ.

ಗೂಡಿನ ವಿಷಯ ನನಗೆ ಗೊತ್ತಾಗಿದ್ದು ಒಂದು ಕುರ್ಚಿಯಿಂದ. ಮರದ ಕೆಳಗೆ ತಿಂಗಳುಗಟ್ಟಲೆ ಇದ್ದ ಪ್ಲಾಸ್ಟಿಕ್ ಕುರ್ಚಿ, ಒಳಗೆ ತರೋಣ ಅಂತ ಸೀಟಿನ ಅಡಿ ಎರಡೂ ಕೈ ಕೊಟ್ಟು ಎತ್ತಿದೆ, ಅಡಿಲಿ ಬೂದು ಬಣ್ಣದ ಹತ್ತಿ ಉಂಡೆ ತರ ಏನೋ ಮೆತ್ತಗೆ ಸಿಕ್ಕಿತು, ಒಣಗಿದ ಜೇಡರ ಬಲೆ ಅಂದ್ಕೊಂಡು ಹೆಬ್ಬೆರಳಲ್ಲಿ ಕೆರೆದು ಬೀಳಿಸಿದೆ. ಅರ್ಧ ಗಂಟೆಗೆ ಬೆರಳ ಸಂದಿಲಿ ಉರಿ, ಸಂಜೆ ಹೊತ್ತಿಗೆ ಮಣಿಕಟ್ಟಿನವರೆಗೆ ಗಂದೆ, ಅದೇ ಕೈಲಿ ಕುತ್ತಿಗೆ ಮುಟ್ಕೊಂಡಿದ್ದೆ, ಅಲ್ಲೂ. ಹುಳ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಕುರ್ಚಿ ತಿರುಗಿಸಿ ನೋಡಿದ್ರೆ ಇನ್ನೂ ಏಳು ಗೂಡು, ಎಲ್ಲದಕ್ಕೂ ಹುಳ ತನ್ನದೇ ಕೂದಲನ್ನ ರೇಷ್ಮೆ ಜೊತೆ ನೇಯ್ದುಬಿಟ್ಟಿತ್ತು, ಕಪ್ಪು ಕೂದಲು ಎಲ್ಲಾ ಕಡೆಯಿಂದ ಹೊರಗೆ ಚಾಚಿತ್ತು. ಗೂಡು ಕಟ್ಟೋವಾಗ ಹುಳ ಹಾಗೇನೇ ಮಾಡೋದು, ತನ್ನ ರಕ್ಷಣೆಗೆ ತನ್ನ ಕೂದಲನ್ನೇ ಬೇಲಿ ಮಾಡ್ಕೊಳುತ್ತೆ.

2011ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಹಿಲ್ಸ್‌ಬರೋ ಕೌಂಟಿಯ ಮಕ್ಕಳಿಗೆ ಮೈಮೇಲೆ ದದ್ದು ಎದ್ದಾಗ ಆರೋಗ್ಯ ಇಲಾಖೆಯವರು ಹುಡುಕಿ ನೋಡಿದ್ರೆ ಕಾರಣ ಟಸಕ್ ಪತಂಗದ ಹುಳಗಳು. ಮಕ್ಕಳು ಆಡೋ ಜಾಗದಲ್ಲಿ ಜಾರುಬಂಡೆ ಅಡಿ, ಬೆಂಚಿನ ಅಡಿ, ಬೇಲಿ ಸಂದಿ, ಸೈಕಲ್ ಸೀಟಿನ ಅಡಿ ವಾರಕ್ಕೊಮ್ಮೆ ಬಗ್ಗಿ ನೋಡೋದು ದೊಡ್ಡ ಕೆಲಸ ಏನಲ್ಲ, ದಯವಿಟ್ಟು ಮಾಡಿ.

ಗೂಡು ತೆಗೆಯೋ ರೀತಿ ಹೀಗೆ. ಗಾಳಿ ಇಲ್ಲದ ಹೊತ್ತು ಆರಿಸ್ಕೊಳಿ, ಬೆಳಿಗ್ಗೆ ಇಬ್ಬನಿ ಇರುವಾಗ ಅಥವಾ ಮಳೆ ಬಂದು ನಿಂತ ಮೇಲೆ ಒಳ್ಳೇದು. ಪೂರ್ತಿ ತೋಳಿನ ಶರ್ಟು, ಪ್ಯಾಂಟು, ಮಣಿಕಟ್ಟು ಮುಚ್ಚೋ ಹಾಗಿರೋ ರಬ್ಬರ್ ಗ್ಲೌಸು, ಕನ್ನಡಕ, ಚೆನ್ನಾಗಿ ಕೂರೋ ಎನ್95 ಮಾಸ್ಕು, ತಲೆಗೆ ಬಟ್ಟೆ. ಉಣ್ಣೆ ಗ್ಲೌಸ್ ಬೇಡ, ರೋಮ ಅದರಲ್ಲಿ ಹೆಣೆದುಕೊಂಡ್ರೆ ತೊಳೆದ್ರೂ ಹೋಗಲ್ಲ. ಸ್ಪ್ರೇ ಬಾಟಲಿಲಿ ನೀರಿಗೆ ಒಂದಿಷ್ಟು ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಗೂಡು ಪೂರ್ತಿ ನೆನೆಯೋವರೆಗೆ ಮೆಲ್ಲಗೆ ಸಿಂಪಡಿಸಿ, ಜೋರು ಧಾರೆ ಬೇಡ. ಬರೀ ನೀರಾದ್ರೆ ಕೂದಲ ಮೇಲೆ ಹನಿ ಹನಿಯಾಗಿ ಉರುಳಿ ಹೋಗುತ್ತೆ, ಸೋಪು ಇದ್ರೆ ಒಳಗೆ ಇಳಿಯುತ್ತೆ. ನೆಂದ ಮೇಲೆ ಹಳೇ ಕರಣಿನೋ ಚಪ್ಪಟೆ ಕಡ್ಡಿನೋ ಹಿಡಿದು ಕೆರೆದು, ಸೀದಾ ಸೋಪು ನೀರಿರೋ ಬಕೆಟ್ಟಿಗೆ ಬೀಳಿಸಿ. ಎರಡು ದಿನ ಮುಚ್ಚಿಟ್ಟು, ಆಮೇಲೆ ಕವರಿಗೆ ಕಟ್ಟಿ ಕಸಕ್ಕೆ ಹಾಕಿ.

ಒಣ ಪೊರಕೆಲಿ ಗುಡಿಸೋದು, ಗಾಳಿ ಊದೋ ಮಷಿನ್ ಹಿಡಿಯೋದು, ಪ್ರೆಷರ್ ವಾಷರ್ ಬಿಡೋದು, ಇವು ಮೂರೂ ರೋಮವನ್ನ ಎಬ್ಬಿಸಿ ಗಾಳಿಗೆ ಬಿಡೋ ಕೆಲಸ, ಒಬ್ಬರ ಅಂಗಳದ ಗೂಡು ಪಕ್ಕದವರ ಕಿಟಕಿಗೂ ಹೋಗುತ್ತೆ. ಬೆಂಕಿ ಹಚ್ಚೋದನ್ನೂ ನಾನು ಒಪ್ಪಲ್ಲ, ಬಿಸಿ ಗಾಳಿ ಜೊತೆ ಸುಡದೆ ಉಳಿದ ರೋಮ ಮೇಲಕ್ಕೆ ಏಳುತ್ತೆ, ಪಂಜು ಹಿಡಿದು ಮರದ ಕೆಳಗೆ ನಿಂತವರ ಮುಖಕ್ಕೇ ಬೀಳುತ್ತೆ, ಮರನೂ ಸುಡುತ್ತೆ. ಮನೆ ಒಳಗೆ ಬಿದ್ದಿದ್ರೆ ಒದ್ದೆ ಬಟ್ಟೆಲಿ ಒರೆಸಿ ಆ ಬಟ್ಟೆನ ಎಸೆಯೋದು ಸುಲಭ, ವ್ಯಾಕ್ಯೂಮ್ ಹಾಕೋದಾದ್ರೆ ಹೆಪಾ ಫಿಲ್ಟರ್, ಅಂದ್ರೆ ತೀರಾ ಸಣ್ಣ ಧೂಳನ್ನೂ ಹಿಡಿದಿಡೋ ಫಿಲ್ಟರ್ ಇರೋದು ಮಾತ್ರ, ಇಲ್ಲಾಂದ್ರೆ ಹಿಂದಿನಿಂದ ಎಲ್ಲಾ ವಾಪಸ್ ರೂಮಿಗೇ ಬರುತ್ತೆ. ಕೆಲಸ ಮುಗಿದ ಮೇಲೆ ಗ್ಲೌಸ್ ಹಾಕ್ಕೊಂಡೇ ಗ್ಲೌಸನ್ನ ತೊಳೀರಿ, ಆಮೇಲೆ ಬಟ್ಟೆ ಬಿಚ್ಚಿ, ತಲೆ ಸಮೇತ ಸ್ನಾನ.

ಮೊಟ್ಟೆಗಳನ್ನೂ ಹೀಗೇ. ಕೆಲವು ಜಾತಿ ಮೊಟ್ಟೆ ಮೇಲೆ ಬಿಳಿ ನೊರೆ ತರ ಸುರಿದು ಗಟ್ಟಿ ಮಾಡುತ್ತೆ, ಕೆಲವು ತನ್ನ ಹೊಟ್ಟೆ ತುದಿಯ ಕೂದಲು ಉದುರಿಸಿ ಕಂದು ವೆಲ್ವೆಟ್ ತೇಪೆ ತರ ಮುಚ್ಚುತ್ತೆ. ಆ ತೇಪೆಲೂ ರೋಮ ಇರುತ್ತೆ ಅನ್ನೋದು ಮರೀಬೇಡಿ. ನೆಲಕ್ಕೆ ಕೆರೆದು ಬಿಟ್ರೆ ಮೊಟ್ಟೆ ಅಲ್ಲೇ ಒಡೆದು ಮರಿ ಬರುತ್ತೆ, ಬಕೆಟ್ಟಿಗೇ ಹಾಕ್ಬೇಕು.

ಪತಂಗನೂ ಪಾಪದ್ದು ಅಂದ್ಕೊಳೋ ಹಾಗಿಲ್ಲ. ಯೂಪ್ರಾಕ್ಟಿಸ್ ಕುಲದ ಹೆಣ್ಣು ಗೂಡಿಂದ ಹೊರಬರುವಾಗ ಅಲ್ಲಿ ಉಳಿದ ಮರಿಯ ರೋಮವನ್ನ ಬಾಲದ ಕುಚ್ಚಲ್ಲಿ ಹೊತ್ಕೊಂಡೇ ಬರುತ್ತೆ, ರಾತ್ರಿ ದೀಪಕ್ಕೆ ಬಂದು ಗೋಡೆಗೆ ಬಡ್ಕೊಂಡು ಅದನ್ನ ಉದುರಿಸುತ್ತೆ. ಅಂಥ ಕಾಲದಲ್ಲಿ ಹೊರಗಿನ ಲೈಟ್ ಬೇಗ ಆರಿಸಿ, ಕಿಟಕಿಗೆ ಜಾಲರಿ ಹಾಕಿ, ಹಗ್ಗದ ಮೇಲೆ ಬಟ್ಟೆ ರಾತ್ರಿ ಬಿಡ್ಬೇಡಿ. ಹಾಸಿಗೆ ಬಟ್ಟೆ, ಒಳಉಡುಪು, ಮಗುವಿನ ಬಟ್ಟೆ ಇವನ್ನ ಮರದ ಕೆಳಗೆ ಒಣಗಿಸೋದನ್ನಂತೂ ಹುಳ ಇರೋವರೆಗೆ ಪೂರ್ತಿ ನಿಲ್ಲಿಸಿ.

ಇದೇ ಕುಲದ ಬ್ರೌನ್‌ಟೇಲ್ ಅನ್ನೋದು ಯುರೋಪಿನ ಪತಂಗ, 1897ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೋಮರ್‌ವಿಲ್‌ನಲ್ಲಿ ಕಾಣಿಸ್ಕೊಂಡಿತು, ಈಗ್ಲೂ ಮೇಯ್ನ್ ರಾಜ್ಯದವರಿಗೆ ದೊಡ್ಡ ತಲೆನೋವು. ಅದರ ರೋಮ ನೆಲಕ್ಕೆ ಬಿದ್ದು ಮೂರು ವರ್ಷದವರೆಗೂ ಕೆರಳಿಸೋ ಶಕ್ತಿ ಉಳಿಸ್ಕೊಳಬಲ್ಲದು, ಹಾಗಾಗಿ ಅಲ್ಲಿನವರು ಹುಲ್ಲು ಕತ್ತರಿಸೋದೂ ನೆಲ ಒದ್ದೆ ಇದ್ದಾಗಲೇ. ಆ ಹುಳಗಳು ಚಳಿಗಾಲವನ್ನ ಕೊಂಬೆ ತುದಿಯ ಎಲೆ ಸುತ್ತಿದ ಬಲೆಯೊಳಗೆ ಗುಂಪಾಗಿ ಕಳೀತವೆ, ಎಲೆ ಉದುರಿದ ಮರದಲ್ಲಿ ಆ ಬಲೆ ಸುಲಭಕ್ಕೆ ಕಾಣುತ್ತೆ, ಆಗ ಉದ್ದ ಕತ್ತರಿಲಿ ಕತ್ತರಿಸಿ ಸೋಪು ನೀರಿಗೆ ಹಾಕಿದ್ರೆ ಒಂದು ಬಲೆಗೆ ನೂರಾರು ಹುಳ ಹೋಯ್ತು. ಹುಳ ದೊಡ್ಡದಾದ ಮೇಲೆ ಓಡಾಡೋದಕ್ಕಿಂತ ಇದು ಎಷ್ಟೋ ಮೇಲು.

ಗಿಡಕ್ಕೆ ಏನಾದ್ರೂ ಹೊಡೀಬೇಕಾ ಅಂತ ಬಹಳ ಜನ ಕೇಳ್ತಾರೆ. ನಾಲ್ಕೈದು ಹುಳ ಇದ್ರೆ ಬೇಡ, ಚಿಮಟದಲ್ಲಿ ಹಿಡಿದು ಸೋಪು ನೀರಿಗೆ ಹಾಕಿ. ಆರೋಗ್ಯವಾಗಿರೋ ಅಗಲ ಎಲೆ ಮರ ಒಂದು ಸಲ ಪೂರ್ತಿ ಬೋಳಾದ್ರೂ ಮತ್ತೆ ಚಿಗುರುತ್ತೆ, ಎಳೇ ಗಿಡ ಮತ್ತೆ ಪೈನ್ ಫರ್ ತರದ ಮರಗಳಿಗೆ ಮಾತ್ರ ಅಪಾಯ. ನಿಜವಾಗ್ಲೂ ಹೆಚ್ಚಾಗಿದ್ರೆ ಬಿಟಿ, ಅಂದ್ರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕುರ್ಸ್ಟಾಕಿ ಅನ್ನೋ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣ ಸಿಗುತ್ತೆ. ಇದು ಮೈಗೆ ಬಿದ್ರೆ ಕೆಲಸ ಮಾಡಲ್ಲ, ಹುಳ ಎಲೆ ಜೊತೆ ತಿನ್ನಬೇಕು, ತಿಂದ್ರೆ ಹೊಟ್ಟೆ ಕೆಟ್ಟು ತಿನ್ನೋದು ನಿಲ್ಲಿಸಿ ಕೆಲವು ದಿನಕ್ಕೆ ಸಾಯುತ್ತೆ. ಮರಿ ಚಿಕ್ಕದಿದ್ದಾಗ ಮಾತ್ರ ಚೆನ್ನಾಗಿ ಹಿಡಿಯುತ್ತೆ, ಬಿಸಿಲಿಗೆ ಕೆಲವೇ ದಿನದಲ್ಲಿ ಶಕ್ತಿ ಕಳ್ಕೊಳುತ್ತೆ, ಹಾಗಾಗಿ ಸಂಜೆ ಹೊತ್ತು ಎಲೆ ಅಡಿಗೂ ತಾಗೋ ಹಾಗೆ ಹೊಡೀರಿ. ಮನುಷ್ಯರಿಗೆ, ಹಕ್ಕಿಗಳಿಗೆ ತೊಂದರೆ ಇಲ್ಲ, ಆದ್ರೆ ಅದೇ ಗಿಡದಲ್ಲಿರೋ ಚಿಟ್ಟೆ ಮರಿಗಳೂ ಸಾಯ್ತವೆ, ಅದಕ್ಕೇ ಕಂಡ ಕಂಡ ಗಿಡಕ್ಕೆಲ್ಲ ಹೊಡೀಬೇಡಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ. ಹುಳ ಬಲಿತು ಗೂಡಿಗೆ ಜಾಗ ಹುಡುಕ್ತಾ ಗೋಡೆ ಹತ್ತೋ ಹೊತ್ತಿಗೆ ಯಾವ ಔಷಧಿ ಹೊಡೆದ್ರೂ ದಂಡ, ಸತ್ತ ಹುಳದ ರೋಮನೂ ಅಲ್ಲೇ ಇರುತ್ತೆ.

ಇದೇ ಟಸಕ್ ಗುಂಪಿನ ಸ್ಪಂಜಿ ಪತಂಗ ಅನ್ನೋದಕ್ಕೆ ಇನ್ನೊಂದು ಉಪಾಯ ಇದೆ. ಇದನ್ನ ಎಟಿಯೆನ್ ಲಿಯೋಪೋಲ್ಡ್ ಟ್ರೂವೆಲೋ ಅನ್ನೋರು 1860ರ ದಶಕದ ಕೊನೆಗೆ ಯುರೋಪಿಂದ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ಗೆ ತಂದು ಸಾಕ್ತಿದ್ರು, ತಪ್ಪಿಸ್ಕೊಂಡ ಹುಳಗಳು ಕಾಡಿಗೆ ಕಾಡನ್ನೇ ಬೋಳು ಮಾಡಿದ್ವು, ಅದರ ಈಗಿನ ಇಂಗ್ಲಿಷ್ ಹೆಸರು 2022ರಲ್ಲಿ ಇಟ್ಟಿದ್ದು. ಇದರ ದೊಡ್ಡ ಮರಿಗಳು ಹಗಲು ನೆರಳಿಗೆ ಕಾಂಡದಿಂದ ಕೆಳಗೆ ಇಳಿದು ಅಡಗ್ತವೆ. ಕಾಂಡದ ಸುತ್ತ ಎದೆ ಎತ್ತರಕ್ಕೆ ಗೋಣಿ ತಾಟು ಸುತ್ತಿ, ಮಧ್ಯ ಹುರಿ ಕಟ್ಟಿ, ಮೇಲಿನ ಅರ್ಧವನ್ನ ಕೆಳಗೆ ಮಡಚಿ ಲಂಗದ ತರ ಬಿಡಿ, ಮಧ್ಯಾಹ್ನ ಅದನ್ನ ಎತ್ತಿ ನೋಡಿದ್ರೆ ಹುಳಗಳು ಸಾಲಾಗಿ ಕೂತಿರ್ತವೆ, ಗ್ಲೌಸ್ ಹಾಕಿ ಬಕೆಟ್ಟಿಗೆ ತಳ್ಳಿ. ದಿನಾ ನೋಡ್ಬೇಕು, ಕಟ್ಟಿ ಮರೆತ್ರೆ ನೀವೇ ಅವಕ್ಕೆ ಗೂಡು ಕಟ್ಟೋ ಜಾಗ ಮಾಡಿಕೊಟ್ಟ ಹಾಗಾಗುತ್ತೆ.

ಕಾಂಡದ ಮೇಲೆ ಹುಳ ತಲೆಕೆಳಗಾಗಿ ಜೋತು, ಮೈ ಕಪ್ಪಾಗಿ ಮೆತ್ತಗಾಗಿ ನೇತಾಡ್ತಿರೋದು ಕಂಡ್ರೆ ಅವನ್ನ ಮುಟ್ಟದೆ ಕೆಲವು ದಿನ ಹಾಗೇ ಬಿಡಿ. ಅದು ಈ ಹುಳಗಳಿಗೇ ಬರೋ ವೈರಸ್ ರೋಗ, ನಮಗೆ ಅಂಟಲ್ಲ, ಹುಳದ ಮೈ ಒಡೆದು ಎಲೆ ಮೇಲೆ ಸುರಿದಿದ್ದನ್ನ ಬೇರೆ ಹುಳ ತಿಂದು ಅವಕ್ಕೂ ಬರುತ್ತೆ, ಕೆಲವೇ ವಾರದಲ್ಲಿ ಮರ ಖಾಲಿ ಆಗಬಹುದು. ಮೈಮೇಲೆ ಅಕ್ಕಿ ಕಾಳಿನ ತರ ಬಿಳಿ ಗೂಡು ಹೊತ್ತಿರೋ ಹುಳ ಕಂಡ್ರೂ ಬಿಡಿ, ಅವು ಪರಾವಲಂಬಿ ಕಣಜದ ಗೂಡುಗಳು, ಹೊರಗೆ ಬಂದ ಕಣಜ ಮತ್ತೆ ಇವನ್ನೇ ಹುಡುಕ್ಕೊಂಡು ಹೋಗುತ್ತೆ. ಬೇರೆ ಹಕ್ಕಿಗಳು ಕೂದಲಿನ ಹುಳಕ್ಕೆ ಹೆದರಿದ್ರೂ ಕೋಗಿಲೆ ಜಾತಿಯ ಹಕ್ಕಿಗಳು ಇವನ್ನ ಆಸೆಯಿಂದ ತಿನ್ತವೆ.

ನನ್ನ ಮನೆ ಬಾಗಿಲ ಹಿಂದೆ ಈಗ ಒಂದು ಡಬ್ಬಿ ಇದೆ, ಅದರಲ್ಲಿ ಅಗಲದ ಟೇಪು, ಚಿಮಟ, ಕ್ಯಾಲಮೈನ್, ಒಂದು ಜೊತೆ ರಬ್ಬರ್ ಗ್ಲೌಸ್. ಆ ಕುರ್ಚಿ ಅಡಿ ಈಗ ತಿಂಗಳಿಗೆ ಎರಡು ಸಲ ತಿರುಗಿಸಿ ನೋಡ್ತೀನಿ, ಹೋದ ವಾರ ಎರಡು ಗೂಡು ಸಿಕ್ಕಿತು, ಒಂದರ ಮೇಲೆ ಆಗಲೇ ಬಿಳಿ ನೊರೆ ಗಟ್ಟಿಯಾಗಿತ್ತು, ನೆನೆಸಿ ಕೆರೆದು ಬಕೆಟ್ಟಿಗೆ ಹಾಕಿದೆ.